ಬೆನ್ನಿಗೂ ಭಾರ ಬೇಕು

ನನಗೀಗ 66 ವರ್ಷ. ವಾರಕ್ಕೆ ಎರಡು ದಿನ ಡೆಡ್‌ಲಿಫ್ಟ್ ಮಾಡುತ್ತೇನೆ. ಅಂದರೆ ಕೆಳಗಿರುವ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವುದು, ಮತ್ತೆ ನಿಧಾನವಾಗಿ ಕೆಳಗಿಡುವುದು. ಹೀಗಂದ ತಕ್ಷಣ "ಈ ವಯಸ್ಸಲ್ಲಿ ಬೇಕಾ?" ಅಂತ ಕೇಳುವವರೇ ಜಾಸ್ತಿ. ಈ ವಯಸ್ಸಲ್ಲೇ ಬೇಕು ಅನ್ನುವುದು ನನ್ನ ಉತ್ತರ.

ಸೊಂಟನೋವು ನನಗೆ ಹಳೆಯದು. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿದೆ, ಸ್ವಲ್ಪ ಉಬ್ಬಿದೆ ಅಂತ ಎಂಆರ್‌ಐ ವರದಿಯಲ್ಲಿ ಬರೆದಿತ್ತು. ಅದನ್ನು ಓದಿದ ಮೇಲೆ ನೀರಿನ ಬಕೆಟ್ ಮುಟ್ಟಲೂ ಹೆದರಿಕೆ. ಆದರೆ ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳ ಬಗ್ಗೆ 2015ರಲ್ಲಿ ಒಂದು ದೊಡ್ಡ ವಿಮರ್ಶೆ ಬಂದಿದೆ. ಅದರ ಪ್ರಕಾರ 20 ವರ್ಷದವರಲ್ಲೇ ಶೇ. 37ರಷ್ಟು ಜನರಿಗೆ ಡಿಸ್ಕ್ ಸವೆತ ಇರುತ್ತದೆ. 80 ವರ್ಷದವರಲ್ಲಿ ಶೇ. 96. ಇವರ್‍ಯಾರಿಗೂ ನೋವಿಲ್ಲ! ಹಾಗಾಗಿ ವರದಿಯಲ್ಲಿ ಸವೆತ ಕಂಡಿತು ಅಂದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಅನ್ನುವ ಹಾಗಿಲ್ಲ. ಈ ಮಾತನ್ನು ವರದಿಯ ಜೊತೆಗೇ ಎಲ್ಲರಿಗೂ ಹೇಳಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ನನ್ನ ಫಿಸಿಯೋ ಮೊದಲು ಕೈಗೆ ಕೊಟ್ಟಿದ್ದು ಒಂದು ಕೋಲು, ಅಷ್ಟೇ. ಅದನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಬೇಕು. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬೆನ್ನುಮೂಳೆಯ ಬುಡ, ಈ ಮೂರೂ ಕಡೆ ಕೋಲು ತಾಗಿರಬೇಕು. ಒಂದೂ ಬಿಡದ ಹಾಗೆ ಸೊಂಟವನ್ನು ಹಿಂದಕ್ಕೆ ತಳ್ಳಿ ಬಗ್ಗಬೇಕು. ಎರಡೂ ಕೈಯಲ್ಲಿ ಸಾಮಾನಿದ್ದಾಗ ಬೆನ್ನ ಹಿಂದಿರುವ ಬಾಗಿಲನ್ನು ಪಿರ್ರೆಯಿಂದಲೇ ತಳ್ಳಿ ಮುಚ್ಚುತ್ತೇವಲ್ಲ, ಹಾಗೆ. ಮಂಡಿ ಸ್ವಲ್ಪವೇ ಮಡಚಬೇಕು. ಆಗ ತೊಡೆಯ ಹಿಂದೆ ಎಳೆತ ಗೊತ್ತಾಗುತ್ತದೆ. ಎತ್ತುವ ಕೆಲಸ ಪಿರ್ರೆ ಮತ್ತು ತೊಡೆಯ ಸ್ನಾಯುಗಳದ್ದು. ಬೆನ್ನಿನ ಸ್ನಾಯುಗಳು ಬಿಗಿಯಾಗಿ ನಿಂತು ಬೆನ್ನುಮೂಳೆ ಅಲುಗದ ಹಾಗೆ ನೋಡಿಕೊಳ್ಳುತ್ತವೆ. ಭಾರ ಕಾಲಿಗೆ ಒತ್ತಿಕೊಂಡೇ ಇರಬೇಕು. ಅದು ಮುಂದಕ್ಕೆ ಹೋದಷ್ಟೂ ಸೊಂಟದ ಮೇಲೆ ಹೊರೆ ಜಾಸ್ತಿ.

ನೆಲದಿಂದಲೇ ಎತ್ತಬೇಕು ಅಂತ ಯಾವ ಕಟ್ಟಳೆಯೂ ಇಲ್ಲ. ಬಾರ್‌ನ ಎರಡೂ ತುದಿಗೆ ಹಾಕುವ ದೊಡ್ಡ ದುಂಡು ಪ್ಲೇಟ್‌ಗಳ ವ್ಯಾಸ 45 ಸೆಂ.ಮೀ. ಹಾಗಾಗಿ ಕಬ್ಬಿಣದ ಬಾರ್ ನೆಲದಿಂದ ಇಪ್ಪತ್ತೆರಡೂವರೆ ಸೆಂ.ಮೀ. ಎತ್ತರದಲ್ಲಿ ಕೂರುತ್ತದೆ. ಆ ಅಳತೆ ಸ್ಪರ್ಧೆಯವರಿಗೆ. ಬಿಗಿದ ತೊಡೆಯವರು ಅಲ್ಲಿಗೆ ಹೋಗಲು ಹೊರಟರೆ ಬೆನ್ನು ಗೂನಾಗುತ್ತದೆ. ನಾನು ಮಣೆಗಳ ಮೇಲಿಟ್ಟು, ಮಂಡಿಯ ಕೆಳಗಿನಿಂದ ಎತ್ತುತ್ತೇನೆ. ಖಾಲಿ ಬಾರ್ ಒಂದೇ 20 ಕೆಜಿ. ಅದೂ ಭಾರವಾದರೆ ಒಂದು ಸಣ್ಣ ಕೆಟಲ್‌ಬೆಲ್ (ಹಿಡಿಯಿರುವ ಕಬ್ಬಿಣದ ಗುಂಡು) ಸಾಕು.

ಉಸಿರಿನ ವಿಷಯ ಯಾರೂ ಸರಿಯಾಗಿ ಹೇಳುವುದಿಲ್ಲ. ಉಸಿರು ಬಿಗಿಹಿಡಿದು ಎತ್ತಿದರೆ ಬಿಪಿ ಒಮ್ಮೆಲೇ ಏರುತ್ತದೆ. ನಾನು ಬಿಪಿ ಮಾತ್ರೆ ತೆಗೆದುಕೊಳ್ಳುವವಳು, ಏಳುವಾಗ ಉಸಿರು ಬಿಡುತ್ತೇನೆ.

ಮೂಳೆ ಟೊಳ್ಳಾಗಿರುವವರಿಗೆ ಇದು ಆಗಿಬರುತ್ತದಾ? ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ ಲಿಫ್ಟ್‌ಮೋರ್ ಅನ್ನುವ ಪ್ರಯೋಗ ನಡೆಯಿತು. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ 101 ಮಹಿಳೆಯರು ಅದರಲ್ಲಿದ್ದರು. ಅವರಲ್ಲಿ ಒಂದು ಗುಂಪು 8 ತಿಂಗಳು, ವಾರಕ್ಕೆ ಎರಡು ಸಲ, ಅರ್ಧ ಗಂಟೆ, ಡೆಡ್‌ಲಿಫ್ಟ್ ಸೇರಿದಂತೆ ಭಾರದ ವ್ಯಾಯಾಮ ಮಾಡಿತು. ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ. 3ರಷ್ಟು ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇ. 1ರಷ್ಟು ಇಳಿಯಿತು. ಭಾರ ಎತ್ತಿದವರಲ್ಲಿ ತೊಂದರೆ ಅಂತ ದಾಖಲಾದದ್ದು ಒಬ್ಬರಿಗೆ ಆದ ಸಣ್ಣ ಸೊಂಟ ಹಿಡಿತ. ಆದರೆ ಒಂದು ಮಾತು ಮರೆಯಬೇಡಿ. ಅಲ್ಲಿ ಪ್ರತಿ ಸಲವೂ ತರಬೇತುದಾರರು ಪಕ್ಕದಲ್ಲೇ ಇದ್ದರು. ಮೊದಲ ತಿಂಗಳು ಕಡಿಮೆ ಭಾರದಲ್ಲಿ ಕಲಿಕೆ ಮಾತ್ರ. ಸುಮ್ನೆ ವಿಡಿಯೋ ನೋಡಿ ಭಾರ ಎತ್ತಿದ್ದಲ್ಲ.

ಬೆನ್ನುಮೂಳೆ ಇತ್ತೀಚೆಗೆ ಮುರಿದಿದ್ದರೆ, ಕಾಲಿನ ಶಕ್ತಿ ಕುಂದುತ್ತಿದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ. ತೊಡೆಸಂದು ಜೋಮು ಹಿಡಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಳೆ ಅನ್ನಬಾರದು.

ನನ್ನದು ಸದ್ಯಕ್ಕೆ 40 ಕೆಜಿ. ಸೊಂಟ ಬಿಗಿಯಾದ ದಿನ ಅದನ್ನು ಅರ್ಧಕ್ಕೆ ಇಳಿಸುತ್ತೇನೆ, ಆದರೆ ಬಿಡುವುದಿಲ್ಲ. ಮುಂದಿನ ತಿಂಗಳು ಭಾರ ಹಾಗೇ ಇಟ್ಟು ಒಂದು ಮಣೆ ತೆಗೆಯೋಣ ಅಂದಿದ್ದಾರೆ ಫಿಸಿಯೋ.