ನಮ್ಮ ಬ್ಯಾಂಡಿಗೆ ಯಾವ ಟ್ಯೂಬಾ?

ನಮ್ಮದು ಶಿವಮೊಗ್ಗದ ಸಣ್ಣ ಬ್ಯಾಂಡ್‌ಸೆಟ್. ಮದುವೆ ದಿಬ್ಬಣ, ಗಣಪತಿ ಮೆರವಣಿಗೆ, ಡಿಸೆಂಬರ್ ಬಂದರೆ ಚರ್ಚ್‌ನಲ್ಲಿ ಕ್ರಿಸ್ಮಸ್ ಹಾಡು. ಟ್ರಂಪೆಟ್, ಕ್ಲಾರಿನೆಟ್, ಡ್ರಮ್ ಎಲ್ಲ ಇದ್ದವು. ಮಂದ್ರದ ಸ್ವರ ಹಿಡಿಯುವ ದೊಡ್ಡ ಹಿತ್ತಾಳೆ ವಾದ್ಯ ಟ್ಯೂಬಾ ಮಾತ್ರ ಇರಲಿಲ್ಲ. ಅಡಿಪಾಯ ಇಲ್ಲದ ಗೋಡೆಯ ಹಾಗೆ ಹಾಡು ಅಲ್ಲಾಡುತ್ತಿತ್ತು.

ತೀರ್ಥಹಳ್ಳಿಯ ಹತ್ತಿರ ನಮ್ಮ ಮೇಷ್ಟ್ರಿದ್ದಾರೆ. ಪೊಲೀಸ್ ಬ್ಯಾಂಡ್‌ನಲ್ಲಿ ಬಾಸ್, ಅಂದರೆ ಮಂದ್ರದ ಸಾಲು, ಊದಿ ನಿವೃತ್ತರಾದವರು. ಈಗ ವಾದ್ಯ ರಿಪೇರಿ ಮಾಡುತ್ತಾರೆ. ಜುಲೈ ಮಳೆಯಲ್ಲೇ ಅವರ ಮನೆಗೆ ಹೋದೆ. ಜಗಲಿಯಲ್ಲಿ ಮೂರು ವಾದ್ಯ ಇಟ್ಟಿದ್ದರು: ಬಿ-ಫ್ಲಾಟ್ ಟ್ಯೂಬಾ, ಇ-ಫ್ಲಾಟ್ ಟ್ಯೂಬಾ (ಮೂಲ ಸ್ವರದಿಂದ ಬಂದ ಹೆಸರು), ಹೆಗಲಿಗೇರಿಸಿ ಊದುವ ಟ್ಯೂಬಾ ಅಂದರೆ ಒಂದು ಸೂಸಾಫೋನ್. ದೊಡ್ಡದರ ಮೇಲೇ ನನ್ನ ಕಣ್ಣು.

"ಮೊದಲು ಎಲ್ಲಿ ಊದ್ತೀಯ ಹೇಳು ಮಾರಾಯ, ಆಮೇಲೆ ವಾದ್ಯ ನೋಡೋಣ" ಅಂದರು.

ಬಿ-ಫ್ಲಾಟ್‌ನ ಕೊಳವೆ ಬಿಚ್ಚಿ ನೀಟಾಗಿ ಹಿಡಿದರೆ ಸುಮಾರು 18 ಅಡಿ. ಇ-ಫ್ಲಾಟ್‌ನದು 13. ಅಷ್ಟು ಉದ್ದ ಇರುವುದರಿಂದಲೇ ಬಿ-ಫ್ಲಾಟ್‌ನ ನಾದ ಅಗಲ, ಆಳ. ನಿಧಾನದ ಮಾರ್ಚ್‌ಗೆ ಅದರಷ್ಟು ಚೆಂದ ಯಾವುದೂ ಇಲ್ಲ. ಆದರೆ ಸಿನಿಮಾ ಹಾಡಿನ ಓಡುವ ಬಾಸ್ ಊದಲು ಹೋದಾಗ ನನ್ನ ಉಸಿರು ಸಾಲಲಿಲ್ಲ. ಅದೇ ಸಾಲು ಇ-ಫ್ಲಾಟ್‌ನಲ್ಲಿ ಸಲೀಸಾಗಿ ಬಂತು. ಕ್ರಿಸ್ಮಸ್ ಹಾಡಿನ ಬಾಸ್ ಅಂತೂ ಯಾರೋ ಹಾಡಿದಂತೆ ಕೇಳಿತು. ಇಂಗ್ಲೆಂಡಿನ ಬ್ರಾಸ್ ಬ್ಯಾಂಡ್‌ಗಳಲ್ಲಿ ಎರಡನ್ನೂ ಜೊತೆಗೆ ಇಟ್ಟುಕೊಳ್ಳುವುದು ಯಾಕೆ ಅಂತ ಅವತ್ತು ತಿಳಿಯಿತು.

ಮೇಷ್ಟ್ರು ಇನ್ನೊಂದು ತೋರಿಸಿದರು. ಒಂದನೇ, ಮೂರನೇ ವಾಲ್ವ್ (ಸ್ವರ ಬದಲಿಸಲು ಬೆರಳಲ್ಲಿ ಒತ್ತುವ ಗುಂಡಿ) ಒಟ್ಟಿಗೆ ಒತ್ತಿದರೆ ಶ್ರುತಿ ಸ್ವಲ್ಪ ಏರುತ್ತದೆ. ಅವೆರಡರ ಬದಲು ನಾಲ್ಕನೆಯದನ್ನು ಒತ್ತಿದರೆ ಸರಿಹೋಗುತ್ತದೆ. ಚರ್ಚ್‌ನಲ್ಲಿ ಹಾರ್ಮೋನಿಯಂ ಜೊತೆ ಕೂರುವವರಿಗೆ ನಾಲ್ಕು ವಾಲ್ವ್ ಬೇಕೇ ಬೇಕು. ಹೊಳೆಯುವ ಪಾಲಿಶ್‌ಗೆ ದುಡ್ಡು ಕೊಡುವ ಬದಲು ಇದಕ್ಕೆ ಕೊಡಬೇಕು ಅನ್ನುವುದು ನನ್ನ ಮಾತು.

ಮಳೆ ಹೊಳವಾದ ಮೇಲೆ ಅಂಗಳಕ್ಕೆ ಬಂದೆವು. ಜಗಲಿಯಲ್ಲಿ ತುಂಬಿಕೊಂಡಿದ್ದ ಟ್ಯೂಬಾದ ದನಿ ಇಲ್ಲಿ ತೆಳುವಾಯಿತು. ಅದರ ಬಾಯಿ ಮೇಲಕ್ಕಿದೆ, ತಲೆ ಮೇಲೆ ಸೂರಿಲ್ಲ, ದನಿ ಆಕಾಶಕ್ಕೆ ಹೋಯಿತು. ಸೂಸಾಫೋನ್ ಹೆಗಲಿಗೇರಿಸಿ ಊದಿದರೆ ಅಡಿಕೆ ತೋಟದಾಚೆ ನಿಂತವರಿಗೂ ಕೇಳುತ್ತಿತ್ತು. 1890ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ಮೊದಲು ಮಾಡಿದಾಗ ಇದರ ಬಾಯಿಯೂ ಮೇಲಕ್ಕೇ ಇತ್ತಂತೆ. ಮುಂದಕ್ಕೆ ತಿರುಗಿಸಿದ್ದು ಆಮೇಲೆ. ಮಲೆನಾಡಿನ ಮಳೆಗೂ ಅದೇ ಒಳ್ಳೆಯದು, ಅಲ್ವಾ?

ಕೊನೆಗೆ ನಾಲ್ಕು ವಾಲ್ವಿನ ಇ-ಫ್ಲಾಟ್ ತೆಗೆದುಕೊಂಡೆವು. ವರ್ಷದ ಜಾಸ್ತಿ ಕೆಲಸ ನಮಗೆ ಕಲ್ಯಾಣ ಮಂಟಪದ ಒಳಗೆ, ಚರ್ಚ್‌ನಲ್ಲಿ. ಗಣಪತಿ ಹಬ್ಬದ ದಿನಗಳಿಗೆ ಮಾತ್ರ ಮೇಷ್ಟ್ರ ಸೂಸಾಫೋನ್ ಬಾಡಿಗೆಗೆ. ಅದು ಬಿ-ಫ್ಲಾಟ್. ಅದೇ ಬೆರಳಿಗೆ ಬೇರೆ ಸ್ವರ ಬರುತ್ತದೆ. ಹಾಗಾಗಿ ಬೆಳಗ್ಗೆ ಇ-ಫ್ಲಾಟ್, ಸಂಜೆ ಬಿ-ಫ್ಲಾಟ್ ಬೆರಳು ಅಂತ ಅಭ್ಯಾಸ ಶುರು ಮಾಡಿದ್ದೇನೆ.