ನಡುವಿನ ಚಹಾ

"ರಾತ್ರಿಯಿಡೀ ಕಪಾಟು ಹುಡುಕಿದೆ ಮಾರಾಯ. ಕೊಟ್ಟದ್ದು ಹೌದೋ ಅಲ್ಲವೋ ಎಂದು ನನಗೇ ಅನುಮಾನ ಬಂದಿತ್ತು."

ಮುಂಬೈಯ ಮಾಟುಂಗದ ನಮ್ಮ ಸಂಘದ ಕೋಣೆಯಲ್ಲಿ ಕಳೆದ ಭಾನುವಾರ ಹಿರಿಯ ಸದಸ್ಯರೊಬ್ಬರು ಹೀಗೆ ಹೇಳುತ್ತಾ, ನಾಲ್ಕು ಮಡಿಕೆಯ ರಸೀದಿಯನ್ನು ಬಿಡಿಸಿ ಮೇಜಿನ ಮೇಲಿಟ್ಟು ಅಂಗೈಯಿಂದ ತೀಡಿದರು. ಸಂಘಕ್ಕೆ ಕೊಟ್ಟ ಐನೂರು ರೂಪಾಯಿ, ಕೆಳಗೆ ಕೋಶಾಧಿಕಾರಿಗಳ ಸಹಿ. ಪರದೆಯ ಮೇಲೆ ಮಾತ್ರ 'ಬಾಕಿ'. ಸದಸ್ಯರ ಲೆಕ್ಕ ಇಡುವ ಆ ತಂತ್ರಾಂಶ ಬರೆದವನು ನಾನು. ಈ ವಾರವೆಲ್ಲಾ ಲೋಕಲ್ ರೈಲಿನಲ್ಲಿ ಕಣ್ಣು ಮುಚ್ಚಿದರೆ ಆ ಅಂಗೈಯೇ ಕಾಣುತ್ತಿದೆ.

ಆದದ್ದು ಇಷ್ಟು. ಹಿರಿಯರು ಡೊಂಬಿವಲಿಯಿಂದ ಠಾಣೆಗೆ ಮನೆ ಬದಲಿಸಿದ್ದರು. ವಿಳಾಸ ತಿದ್ದಲು ಕಾರ್ಯದರ್ಶಿಗಳು ಪುಟ ತೆರೆದರು, ತೆರೆದಿಟ್ಟೇ ಚಹಾಕ್ಕೆ ಹೋದರು. ಅವರ ಚಹಾ ಎಂದರೆ ಮುಕ್ಕಾಲು ಗಂಟೆ, ಅದರಲ್ಲಿ ಚಹಾ ಐದು ನಿಮಿಷ. ಅಷ್ಟರಲ್ಲಿ ಕೋಶಾಧಿಕಾರಿಗಳು ತಮ್ಮ ಮನೆಯಿಂದಲೇ 'ಪಾವತಿ' ಎಂದು ದಾಖಲಿಸಿದರು. ಕಾರ್ಯದರ್ಶಿಗಳು ಬಂದು 'ಉಳಿಸು' ಒತ್ತಿದರು. ಹೊಸ ವಿಳಾಸದ ಜೊತೆಗೆ ಅವರ ಪುಟದಲ್ಲಿದ್ದ ಹಳೆಯ 'ಬಾಕಿ'ಯೂ ಹೋಗಿ ಕುಳಿತಿತು.

ಟ್ರಾನ್ಸಾಕ್ಷನ್ ಇದೆ, ಅಂದರೆ ಕೆಲಸ ಪೂರ್ತಿ ಆಗುತ್ತದೆ ಇಲ್ಲವೇ ಆಗುವುದೇ ಇಲ್ಲ, ಅರ್ಧಕ್ಕೆ ನಿಲ್ಲುವುದಿಲ್ಲ, ಏನೂ ಕೆಡುವುದಿಲ್ಲ ಎಂದು ಸಭೆಯಲ್ಲಿ ಎದೆ ತಟ್ಟಿಕೊಂಡವನು ನಾನೇ. ಪುಟ ತೆರೆಯುವುದು ಒಂದು ಟ್ರಾನ್ಸಾಕ್ಷನ್, ಉಳಿಸುವುದು ಇನ್ನೊಂದು. ನಡುವಿನ ಚಹಾಕ್ಕೆ ಕಾವಲು ಇರಲಿಲ್ಲ.

"ಲೆಕ್ಕದ ಪುಸ್ತಕವಿದ್ದಾಗ ಹೀಗಾಗುತ್ತಿರಲಿಲ್ಲ" ಎಂದರು ಕೋಶಾಧಿಕಾರಿಗಳು. ನಿಜ. ಆದರೆ ಅದೇ ಪುಸ್ತಕವನ್ನು ಇವರೇ ಮುಲುಂಡ್‌ಗೆ ಒಯ್ದು ಮೂರು ವಾರ ತಂದಿರಲಿಲ್ಲ; ಅಷ್ಟು ದಿನ ಬೇರೆ ಯಾರೂ ಅದರಲ್ಲಿ ಬರೆಯುವಂತಿರಲಿಲ್ಲ. ಮಾಹಿತಿ ಇಟ್ಟಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲೂ 'ಸೆಲೆಕ್ಟ್ ಫಾರ್ ಅಪ್‌ಡೇಟ್' ಎಂದು, ಬೇರೆಯವರು ತಿದ್ದದಂತೆ ಒಬ್ಬ ಸದಸ್ಯರ ಸಾಲಿಗೆ ಬೀಗ ಹಾಕಬಹುದು. ಚಹಾ ಮುಗಿಯುವವರೆಗೆ ಅದನ್ನು ಹಿಡಿದಿಟ್ಟರೆ ಮತ್ತೆ ಮುಲುಂಡ್ ಕಥೆಯೇ.

ಸೋಮವಾರ ರಾತ್ರಿ ಪ್ರತಿ ಸಾಲಿಗೂ ಆವೃತ್ತಿ ಸಂಖ್ಯೆ ಸೇರಿಸಿದೆ. ತೆರೆದಾಗ 7 ಇದ್ದರೆ, ಉಳಿಸುವಾಗಲೂ 7 ಇದ್ದರೆ ಮಾತ್ರ ತಿದ್ದಿ 8 ಮಾಡು. ನಡುವೆ ಬೇರೆಯವರು ತಿದ್ದಿದ್ದರೆ ಒಂದು ಸಾಲೂ ಬದಲಾಗುವುದಿಲ್ಲ. ಆಗ 'ಉಳಿಸಲಾಗಿದೆ' ಎಂದು ಸುಳ್ಳು ಹೇಳದೆ, ಹೊಸ ಮಾಹಿತಿ ತೋರಿಸಿ ಮತ್ತೆ ಕೇಳಬೇಕು. ಕಚೇರಿಯಲ್ಲಿ ದಿನವೂ ಮಾಡುವ ಕೆಲಸ. ಇಲ್ಲಿ ಬಳಸುವವರು ಇಬ್ಬರೇ ತಾನೇ ಎಂದು ಬಿಟ್ಟಿದ್ದೆ. ಇಬ್ಬರು ಸಾಕಾಯಿತು.

ಸಾಲು ಸರಿಯಾಯಿತು. ಆದರೆ ಕೋಶಾಧಿಕಾರಿಗಳು ಆ ಹಿರಿಯರಿಗೆ ಫೋನಿನಲ್ಲಿ ಎರಡು ಸಲ "ನೆನಪು ಮಾಡಿಕೊಳ್ಳಿ" ಎಂದಿದ್ದರಂತೆ, ಮಗುವಿಗೆ ಹೇಳುವ ಹಾಗೆ. ಸ್ವಂತ ಸಹಿಗಿಂತ ಪರದೆಯನ್ನು ನಂಬಿದ ಮನುಷ್ಯ! ಮನೆಯಲ್ಲಿ ಸೊಸೆಯೂ "ಮರೆತಿರಬಹುದು ಮಾವ" ಎಂದಳಂತೆ. ಎಪ್ಪತ್ತೆಂಟರ ವಯಸ್ಸಿನಲ್ಲಿ ಆ ಮಾತನ್ನು ಎದುರಿಸಲು ಅವರ ಬಳಿ ಇದ್ದದ್ದು ಆ ಚೀಟಿಯೊಂದೇ.

ನಿನ್ನೆ ಅವರ ಮನೆಗೇ ಹೋಗಿ ಮೊಬೈಲಿನಲ್ಲಿ 'ಪಾವತಿ' ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

"ಇನ್ನು ಈ ರಸೀದಿ ಬೇಡವಲ್ಲ?"

"ಇರಲಿ ರಾಯರೇ," ಎಂದೆ. "ಜೋಪಾನವಾಗಿ ಇಟ್ಟುಕೊಳ್ಳಿ."