‘ನಿಮ್ಮ ಮನೆಯಲ್ಲಿ ಯಾರಾದರೂ ಅಂಗವಿಕಲರಿದ್ದಾರೆಯೇ?’

ಅಂಗವಿಕಲರ ಹಕ್ಕುಗಳ ಬಗ್ಗೆ ವರದಿ ಮಾಡುವ ಪತ್ರಕರ್ತೆ ಎಂದು ಹೇಳಿಕೊಂಡರೆ ಸಾಕು, ಎದುರಿಗಿರುವವರು ಅಧಿಕಾರಿಯಾಗಿರಲಿ, ಸಹೋದ್ಯೋಗಿಯಾಗಿರಲಿ, ದನಿ ತಗ್ಗಿಸಿ ಮೇಲಿನ ಪ್ರಶ್ನೆಯನ್ನೇ ಕೇಳುತ್ತಾರೆ. ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ. ಹೈಕೋರ್ಟ್ ಕಲಾಪ ವರದಿ ಮಾಡುವವರನ್ನು ‘ನಿಮ್ಮ ಮೇಲೇನಾದರೂ ಮೊಕದ್ದಮೆ ಇದೆಯೇ?’ ಎಂದು ಯಾರೂ ಕೇಳುವುದಿಲ್ಲವಲ್ಲ! ಸ್ವಂತ ನೋವಿಲ್ಲದೆ ಯಾರೂ ಈ ಕೆಲಸಕ್ಕೆ ಕೈ ಹಾಕುವುದಿಲ್ಲ, ಇದೊಂದು ಕರುಣೆಯ ಕೆಲಸ ಎಂಬ ಎಣಿಕೆ ಆ ಪ್ರಶ್ನೆಯೊಳಗೇ ಇದೆ. ನನಗಾದರೋ ಇದು ಕಾನೂನು, ಕಾಮಗಾರಿ ಮತ್ತು ಅನುದಾನಗಳ ವರದಿಗಾರಿಕೆ. ಇದಕ್ಕೆ ಬೇಕಾಗುವುದು ಕಡತ ಓದುವ ತಾಳ್ಮೆ ಮತ್ತು ಬ್ಯಾಗಿನಲ್ಲೊಂದು ಅಳತೆ ಟೇಪು.

ಟೇಪು ಏಕೆಂದರೆ, ರ‍್ಯಾಂಪಿನ ಇಳಿಜಾರಿಗೆ ಲೆಕ್ಕವಿದೆ: ಒಂದು ಅಡಿ ಏರಬೇಕಾದರೆ ಕನಿಷ್ಠ 12 ಅಡಿ ಉದ್ದ ಬೇಕು. ನಾನು ನೋಡಿದ ಒಂದು ಸರ್ಕಾರಿ ಕಚೇರಿಯ ಮುಂದೆ ಅರ್ಧರ್ಧ ಅಡಿಯ ನಾಲ್ಕು ಮೆಟ್ಟಿಲುಗಳಿದ್ದವು, ಅಂದರೆ 24 ಅಡಿ ಉದ್ದದ ರ‍್ಯಾಂಪ್ ಬೇಕಿತ್ತು. ಅಲ್ಲಿದ್ದದ್ದು ಏಳು ಅಡಿಯದ್ದು, ಅದೂ ನುಣುಪಾದ ಗ್ರಾನೈಟ್ ಹಾಸಿದ್ದು, ಕೈಹಿಡಿ ಒಂದೇ ಕಡೆ. ಗಾಲಿಕುರ್ಚಿಯಲ್ಲಿ ಬಂದವರನ್ನು ಇಬ್ಬರು ಹಿಂದಿನಿಂದ ನೂಕಿ ಹತ್ತಿಸಬೇಕು. ಇಳಿಯುವುದಂತೂ ಇನ್ನೂ ಅಪಾಯ. ಒಳಗಿದ್ದ ಅಂಗವಿಕಲರ ಶೌಚಾಲಯದಲ್ಲಿ ಹಳೆಯ ಕಡತಗಳನ್ನು ತುಂಬಿ ಬೀಗ ಹಾಕಿದ್ದರು. ಆದರೆ ತಪಾಸಣಾ ನಮೂನೆಯಲ್ಲಿ ರ‍್ಯಾಂಪ್ ‘ಇದೆ’, ಶೌಚಾಲಯ ‘ಇದೆ’. ಈ ‘ಇದೆ’ಗಳ ಬಗ್ಗೆ ಬರೆಯುವುದೇ ನನ್ನ ವೃತ್ತಿಯ ಬಹುಪಾಲು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಅಂಗವಿಕಲರ ಹಕ್ಕುಗಳಿಗಾಗಿ ಬಂದ 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ಅದರ ಜಾಗಕ್ಕೆ ಬಂದ 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿ, ಸರ್ಕಾರಿ ಉದ್ಯೋಗದಲ್ಲಿನ ಮೀಸಲಾತಿಯನ್ನು ಶೇ 3ರಿಂದ ಶೇ 4ಕ್ಕೆ ಏರಿಸಿತು. ಇಷ್ಟು ದೊಡ್ಡ ಓದುಗ ಸಮೂಹದ ಹಕ್ಕಿನ ಸುದ್ದಿಗೆ ಪತ್ರಿಕೆಗಳಲ್ಲಿ ಜಾಗ ಸಿಗುವುದು ಮಾತ್ರ ಅಂತರರಾಷ್ಟ್ರೀಯ ಅಂಗವಿಕಲರ ದಿನವಾದ ಡಿಸೆಂಬರ್ 3ರ ಆಸುಪಾಸಿನಲ್ಲಿ, ಅದೂ ‘ಅಂಗವೈಕಲ್ಯ ಮೆಟ್ಟಿ ನಿಂತ ಸಾಧಕ’ರ ಕಥೆಗಳಿಗೆ. ಅಂಥ ಲೇಖನಗಳ ಬಗ್ಗೆ ನನಗೆ ತಕರಾರಿದೆ. ವಿದ್ಯಾರ್ಥಿಯೊಬ್ಬ ಸ್ನೇಹಿತರ ಬೆನ್ನೇರಿ ಮೂರನೇ ಮಹಡಿಯ ತರಗತಿಗೆ ಹೋಗಿ ಪದವಿ ಪಡೆದ ಎಂದು ಕೊಂಡಾಡುವ ವರದಿ, ಆ ಕಾಲೇಜು ಒಂದು ತರಗತಿಯನ್ನು ನೆಲಮಹಡಿಗೆ ಇಳಿಸಲಿಲ್ಲ ಏಕೆ ಎಂದು ಕೇಳದೆ ಮುಗಿದುಹೋಗುತ್ತದೆ. ಅದರಿಂದ ನಿರಾಳವಾಗುವುದು ಆಡಳಿತ ಮಂಡಳಿಗೆ.

‘ಅಂಗವಿಕಲರ ಹಕ್ಕುಗಳಲ್ಲಿ ಸುದ್ದಿ ಏನಿರುತ್ತದೆ?’ ಎನ್ನುವವರಿಗೆ ಒಂದು ಪ್ರಕರಣ ಹೇಳುತ್ತೇನೆ. 2016ರ ಕಾಯ್ದೆಯ ಪ್ರಕಾರ, ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೆಲ್ಲವೂ ಅಂಗವಿಕಲರು ಬಳಸುವಂತೆ ಆಗಬೇಕಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿಯಿತು. ದೃಷ್ಟಿದೋಷವಿರುವ ರಾಜೀವ್ ರತೂರಿ ಅವರು 2005ರಲ್ಲಿ ಹೂಡಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪು ನೀಡಿ, ಕಾಯ್ದೆ ಕಡ್ಡಾಯ ಮಾಡಿದ್ದನ್ನು ಇಂಥ ಸೌಲಭ್ಯಗಳ ಮಾನದಂಡ ಹೇಳುವ ನಿಯಮ 15(1) ಬರೀ ಶಿಫಾರಸಿನ ಮಟ್ಟಕ್ಕೆ ಇಳಿಸಿದೆ, ಆದ್ದರಿಂದ ಅದು ಕಾಯ್ದೆಗೆ ವಿರುದ್ಧ ಎಂದು ಹೇಳಿತು. ಕಡ್ಡಾಯ ಮಾನದಂಡಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಸಮಯ ಕೊಟ್ಟಿತು. ಅಂದರೆ ಏಳು ವರ್ಷ ಕಾಲ ಪ್ರತಿ ಇಲಾಖೆಯ ಎಂಜಿನಿಯರಿಗೂ ನುಣುಚಿಕೊಳ್ಳಲು ನಿಯಮದಲ್ಲೇ ದಾರಿಯಿತ್ತು. ಇದು ಸುದ್ದಿಯಲ್ಲದಿದ್ದರೆ ಇನ್ನಾವುದು ಸುದ್ದಿ?

ಈ ಕೆಲಸಕ್ಕೆ ಬರಬೇಕೆಂದಿರುವ ಕಿರಿಯರು ಮೊದಲು ಕಾಯ್ದೆಯ ಸೆಕ್ಷನ್ 44 ಓದಲಿ. ಮಾನದಂಡ ಪಾಲಿಸದ ಕಟ್ಟಡಕ್ಕೆ ಕಾಮಗಾರಿ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ ಕೊಡುವಂತಿಲ್ಲ ಎಂದು ಅದು ಹೇಳುತ್ತದೆ. ಊರಿನಲ್ಲಿ ಹೊಸ ಕಟ್ಟಡದ ಉದ್ಘಾಟನೆ ನಡೆದ ಮರುದಿನ ಆ ಪ್ರಮಾಣಪತ್ರದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ, ಟೇಪು ಹಿಡಿದು ಹೋಗಿ. ಮೊದಲ ವರದಿ ಅಲ್ಲೇ ಸಿಗುತ್ತದೆ.